ಜುಲೈ ಇಪ್ಪತ್ತಾರರ ಕುಂಕುಮದ ತಟ್ಟೆ

ಶನಿವಾರ, 26 ಜುಲೈ 2025, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ನಾನು ಪಾಠ ಮಾಡುವ ಸರಕಾರಿ ಶಾಲೆಯಲ್ಲಿ ಕಾರ್ಗಿಲ್ ವಿಜಯ ದಿವಸದ ಕಾರ್ಯಕ್ರಮ ಆಗ ಶುರುವಾಯಿತು. ಎಂಟೂ ಇಪ್ಪತ್ತರ ಹೊತ್ತಿಗೆ ಮಕ್ಕಳು ಅವತ್ತು ಕಲಿಯಬೇಕಾದ್ದನ್ನೆಲ್ಲ ಕಲಿತುಬಿಟ್ಟಿದ್ದರು. ಉಳಿದ ಒಂದೂವರೆ ತಾಸು ದೊಡ್ಡವರು ಆಡಿದ ಮಾತೆಲ್ಲ ಗಾಳಿಗೆ ಹೋಯಿತು.

ಊರಿನ ಹೆಸರು ಬರೆಯುವುದಿಲ್ಲ. ಬೆಟಗೇರಿಯ ನಮ್ಮ ಮನೆಯಿಂದ ಹೊರಟು, ಗದಗದಲ್ಲಿ ಶಿರಹಟ್ಟಿ ಬಸ್ಸು ಹಿಡಿದು, ಅಲ್ಲಿಂದ ಬೆಳ್ಳಟ್ಟಿ ಕಡೆಯ ಬಸ್ಸಿನಲ್ಲಿ ನಡುವೆ ಎಲ್ಲೋ ಇಳಿಯಬೇಕು ಎಂಬಷ್ಟು ಸಾಕು. ಅಲ್ಲಿ ನಾನು ಅತಿಥಿ ಶಿಕ್ಷಕಿ. ಒಂದು, ಎರಡು, ಮೂರನೆಯ ತರಗತಿಯವರನ್ನು ಒಂದೇ ಕೋಣೆಯಲ್ಲಿ ಕೂರಿಸಿ ಕಲಿಸುವ ನಲಿ-ಕಲಿ ನನ್ನ ಪಾಲಿನದು. ಇಪ್ಪತ್ತೆರಡು ಮಕ್ಕಳು. ತಾರೀಖು, ವೇಳೆ ಹಾಕಿ ದಿನವೂ ಡೈರಿ ಬರೆಯುತ್ತೇನೆ. ಅದನ್ನು ಮುಂದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಸಿಟ್ಟಿನಲ್ಲಿ ನೆನಪು ಉಬ್ಬುತ್ತದೆ ಎನ್ನುವವರು ನಮ್ಮ ಶಾಲೆಯಲ್ಲೇ ಇದ್ದಾರೆ.

ಜುಲೈ ಎರಡನೆಯ ವಾರ ಹೆಡ್‌ಮಾಸ್ತರರು ನನ್ನನ್ನು ಕರೆದರು. ಪ್ರತಿ ಶಾಲೆಯೂ ಈ ದಿವಸ ಆಚರಿಸಬೇಕು, ಫೋಟೋ ಮಧ್ಯಾಹ್ನದೊಳಗೆ ಮುಟ್ಟಬೇಕು ಎಂದು ಅವರ ಮೊಬೈಲಿಗೆ ಸಂದೇಶ ಬಂದಿತ್ತು.

“ದೊಡ್ಡ ಹುಡುಗೂರ್ಗೆ ನಾನ ಭಾಷಣ ಬರದು ಕೊಡ್ತೀನಿ. ನಿಮ್ಮ ಚಿಳ್ಳಿಪಿಳ್ಳಿಗೆ ನೀವ ಒಂದೀಟು ತಿಳಿಸಿ ಹೇಳ್ರಿ. ಯುದ್ಧ ಅಂದ್ರೇನು, ಹುತಾತ್ಮರು ಅಂದ್ರ ಯಾರು ಅಂತ.”

“ಆರು ವರ್ಷದ ಹುಡುಗೂರ್ಗೆ ಏನಂತ ಹೇಳ್ಲಿ ಸರ್?”

“ಏನರ ಹೇಳ್ರಿ. ದೇಶ, ಧ್ವಜ, ಗಡಿ. ಕಡೀಕ ಒಂದ್ಸಲ ಜೈ ಅನಸ್ರಿ. ಮುಗೀತು.”

ಮುಗಿಯಲಿಲ್ಲ. ಹಲಗೆಯ ಮೇಲೆ ಗುಡ್ಡ ಬರೆದೆ, ಗುಡ್ಡದ ತುದಿಗೆ ಬಿಳಿ ಸುಣ್ಣದಕಡ್ಡಿ ತಿಕ್ಕಿ ಹಿಮ ಎಂದೆ. “ಕಪ್ಪತಗುಡ್ಡಕ್ಕಿಂತ ದೊಡ್ಡದೇನ್ರಿ ಅಕ್ಕೋರ?” ಎಂದು ಒಬ್ಬ ಕೇಳಿದ. ಎಷ್ಟೋ ದೊಡ್ಡದು ಎಂದೆ. “ಹಂಗಾರ ಅದರ ಮ್ಯಾಲೂ ಗಾಳಿ ಫ್ಯಾನ್ ಅದಾವೇನ್ರಿ?” ಎಂದ. ನಮ್ಮ ಕಡೆ ಗುಡ್ಡ ಅಂದರೆ ನೆತ್ತಿಯ ಮೇಲೆ ಗಾಳಿಯಂತ್ರ ತಿರುಗಲೇಬೇಕು. ಈ ಪಾಠ ನಡೆದ ಮೂರು ದಿನ ಮಕ್ಕಳು ಕೇಳಿದ್ದನ್ನೆಲ್ಲ ಬರೆದುಕೊಂಡಿದ್ದೇನೆ. ಯುದ್ಧದಾಗ ಊಟದ ಗಂಟಿ ಹೊಡೀತಾರೇನ್ರಿ? ಶತ್ರುಗಳಿಗೆ ತಾವು ಶತ್ರು ಅಂತ ಗೊತ್ತಿರತೈತೇನ್ರಿ? ಗೆದ್ದಿದ್ರ ಮತ್ಯಾಕ ಸತ್ರು? ಕೊನೆಯ ಪ್ರಶ್ನೆಗೆ ನಾನು ಕೊಟ್ಟ ಉತ್ತರ ನನಗೇ ಸರಿಬರಲಿಲ್ಲ. ಅದನ್ನು ನೋಡಿ ಮೂರನೆಯ ತರಗತಿಯ ಒಬ್ಬ ಹುಡುಗಿ, ಮುಂದಿನ ಎರಡು ಹಲ್ಲು ಇನ್ನೂ ಅರ್ಧಕ್ಕೆ ಬಂದವಳು, ಎದ್ದು ನಿಂತಳು.

“ನಿಮಗೇನ್ ಗೊತ್ತೈತ್ರಿ ಅಕ್ಕೋರ? ನಮ್ಮತ್ತೀನ ಕೇಳ್ರಿ. ನಮ್ಮ ಮಾಮಾ ಅಲ್ಲೇ ಹೋಗಿದ್ದ. ನಮ್ಮನ್ಯಾಗ ಫೋಟೋದಾಗ ಅದಾನ.”

ಅವಳ ಅತ್ತೆ, ಅಂದರೆ ತಂದೆಯ ಅಕ್ಕ, ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ಜುಲೈ 15ರ ಸಂಜೆ, ಶಾಲೆ ಬಿಟ್ಟ ಮೇಲೆ ಅಲ್ಲಿಗೆ ಹೋದೆ. ಹುಬ್ಬಿನ ಮೇಲೆ ಜೋಳದ ಹಿಟ್ಟು, ಹಣೆಯ ಮೇಲೆ ಅಂಟಿಸಿದ ಮೆರೂನ್ ಬಣ್ಣದ ಒಂದು ಸಣ್ಣ ಟಿಕಳಿ. ಯಂತ್ರದ ಸದ್ದಿನ ಮೇಲೆ ಕೂಗಿದರು.

“ಏನ್ ಬೀಸೂದೈತ್ರಿ ಅಕ್ಕೋರ?”

“ಬೀಸೂದಲ್ಲಕ್ಕಾ, ಕೇಳೂದೈತಿ.”

“ಕೇಳೂದಕ್ಕ ಪುಕ್ಕಟ. ಕುಂಡ್ರಿ. ಆ ಚೀಲದ ಮ್ಯಾಲೆ ಬ್ಯಾಡ, ಅದರಾಗ ಖಾರದ ಪುಡಿ ಐತಿ.”

ಅವರ ಗಂಡನದು ಮುಂಡರಗಿ ತಾಲ್ಲೂಕಿನ ಹಳ್ಳಿ. ಮದುವೆಯಾಗಿ ಎರಡು ವರ್ಷ. ಆ ಎರಡು ವರ್ಷದಲ್ಲಿ ಗಂಡ ರಜೆಯ ಮೇಲೆ ಮನೆಯಲ್ಲಿದ್ದದ್ದು ಸ್ವಲ್ಪವೇ ದಿನ. 1999ರ ಆ ಬೇಸಿಗೆಯಲ್ಲಿ ಆ ಗುಡ್ಡಗಳ ಮೇಲೆ ತೀರಿಕೊಂಡರು. ಆಗ ಇವರಿಗೆ ಇಪ್ಪತ್ತೊಂದು. ತವರಿಗೆ ಬಂದರು, ತಮ್ಮನ ಮನೆಯ ಪಕ್ಕದಲ್ಲೇ ಗಿರಣಿ ಹಾಕಿದರು. ಇದನ್ನೆಲ್ಲ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿ, ಶಾಲೆಯ ವಿಷಯಕ್ಕೆ ಬಂದಾಗ ಮಾತ್ರ ದನಿ ಏರಿತು.

“ಪ್ರತಿ ವರ್ಷ ಕರೀತಾರ. ಶಾಲು ಹೊದಸ್ತಾರ. ಪೆಟ್ಟಿಗಿ ತುಂಬ ಶಾಲು ಅದಾವು, ಈ ಧಗಿಯೊಳಗ ಹೊತ್ಕೊಂಡು ಏನ್ ಮಾಡ್ಲಿ? ಮೈಕ್ ಮುಂದ ನಿಂದರಸ್ತಾರ. ನಾ ಅತ್ರ ಕಾರ್ಯಕ್ರಮ ಚಲೋ ಆತು ಅಂತಾರ. ಅಳಲಿಲ್ಲಂದ್ರ, ಹೆಂತಾ ಗಟ್ಟಿ ಹೆಣ್ಣವ್ವ ಇಕಿ ಅಂತ ಬಾವಿಕಟ್ಟಿ ಮ್ಯಾಲೆ ಮಾತಾಡ್ತಾರ.”

“ಮತ್ಯಾಕ ಹೋಗ್ತೀರಿ?”

“ನಮ್ಮ ಸಣ್ಣಾಕಿ ಸಲುವಾಗಿ. ಅಕಿ ಶಾಲಿಗೆ ಬರಾಕ ಹತ್ತಿದಾಗಿಂದ, ನಮ್ಮತ್ತಿ ಅಧ್ಯಕ್ಷರ ಬಾಜೂಕ ಕುರ್ಚಿ ಮ್ಯಾಲೆ ಕುಂಡ್ರತಾಳ ಅಂತ ಓಣಿ ತುಂಬ ಎದಿ ಉಬ್ಬಿಸ್ಕೊಂಡು ತಿರಗತಾಳ. ಅದೊಂದ ನನಗ ಬೇಕಾದ್ದು. ಉಳದದ್ದೆಲ್ಲಾ ಅವರ ಕಾರ್ಯಕ್ರಮ, ಅವರ ಮಾಡ್ಕೊಳ್ಳಿ.”

ಮಕ್ಕಳಿಗೆ ಏನು ಹೇಳಲಿ ಎಂದು ಕೇಳಿದೆ. ಯಂತ್ರದ ಪಟ್ಟಿ ಸರಿಮಾಡುತ್ತ ಹೇಳಿದರು: “ಭಾಳ ಸಿಟ್ಟಿನವ್ರು ಇದ್ರು ಅಂತ ಹೇಳ್ರಿ. ಮಿರ್ಚಿ ಬಜಿ ಸಿಕ್ರ ಉಳದವರ್ಗೆ ಇಡತಿರಲಿಲ್ಲ ಅಂತ ಹೇಳ್ರಿ. ನನಗ ಸೈಕಲ್ ಕಲಸಾಕ ಹೋಗಿ ತಾವ ಹಳ್ಳಕ್ಕ ಬಿದ್ದಿದ್ರು. ಅದನ್ನೂ ಹೇಳ್ರಿ, ಹುಡುಗೂರು ನಗಲಿ. ನಗಬಾರದು ಅಂತ ಯಾರ್ ಹೇಳ್ಯಾರ?”

ಮರುದಿನ ಹೇಳಿದೆ. ಮಕ್ಕಳು ನಕ್ಕು ನಕ್ಕು ಬಿದ್ದರು. ಊಟದ ಬಿಡುವಿನಲ್ಲಿ ಹುಡುಗರೆಲ್ಲ ಸರದಿಯ ಮೇಲೆ ಸೈಕಲ್ಲಿನಿಂದ ಹಳ್ಳಕ್ಕೆ ಬಿದ್ದರು. ಆಮೇಲೆ ಒಂದನೆಯ ತರಗತಿಯ ಒಂದು ಕೂಸು ಬಂದು ನನ್ನ ಸೆರಗು ಎಳೆದು, “ಅಂವ ಮತ್ತ ಬರಂಗಿಲ್ಲೇನ್ರಿ?” ಎಂದಿತು. ಯುದ್ಧ ಅಂದರೆ ಏನು ಎಂಬುದು ನಮ್ಮ ಕೋಣೆಗೆ ತಿಳಿದದ್ದು ಆ ಹೊತ್ತಿಗೆ ಎಂದು ನಾನು ನಂಬಿದ್ದೇನೆ. ಹೆಡ್‌ಮಾಸ್ತರರಿಗೆ ಮಾತ್ರ ಇದು ಸೇರಲಿಲ್ಲ. “ಹುತಾತ್ಮರು ಹಳ್ಳಕ್ಕ ಬೀಳೂದು ಬ್ಯಾಡ್ರಿ. ಭಾಷಣಕ್ಕ ಹೊಂದಂಗಿಲ್ಲ,” ಎಂದರು.

ಇಷ್ಟರಲ್ಲಿ ಕಾರ್ಯಕ್ರಮದ ಕೆಲಸ ಹಂಚಿಕೆಯಾಯಿತು. ನಮ್ಮ ಕಡೆ ಯಾವ ಶಾಲೆಯ ಕಾರ್ಯಕ್ರಮವಾದರೂ, ವೇದಿಕೆಗೆ ಬಂದ ಹೆಣ್ಣುಮಕ್ಕಳಿಗೆ ಹುಡುಗಿಯರು ತಟ್ಟೆ ಹಿಡಿದು ಕುಂಕುಮ ಹಚ್ಚಿ ಹೂ ಕೊಡುವ ರೂಢಿ. ಪ್ರತಿ ವರ್ಷ ಏಳನೆಯ ತರಗತಿಯವರು ಮಾಡುತ್ತಿದ್ದರಂತೆ. ಈ ಸಲ ಅವರೆಲ್ಲ ಕವಾಯತಿಗೆ ಹೋದದ್ದರಿಂದ ತಟ್ಟೆ ನಮ್ಮ ಕೋಣೆಗೆ ಬಂತು. ಅರ್ಧ ಹಲ್ಲಿನ ಹುಡುಗಿ ಎಲ್ಲರಿಗಿಂತ ಮೊದಲು ಕೈ ಎತ್ತಿದಳು.

“ಎಲ್ಲಾರ್ಗೂ ಹಚ್ಚಬೇಕೇನ್ರಿ?”

“ಬಂದ ಹೆಣ್ಣುಮಕ್ಕಳಿಗೆಲ್ಲ ಹಚ್ಚಬೇಕು. ಉಂಗುರ ಬೆರಳೀಲೆ, ಹಣಿ ನಡಕ್ಕ.”

ಅವಳು ಸುಣ್ಣದಕಡ್ಡಿಯ ಪುಡಿಗೆ ನೀರು ಕಲಸಿ ಇಡೀ ಕೋಣೆಯ ಹಣೆಗಳ ಮೇಲೆ ಅಭ್ಯಾಸ ಮಾಡಿದಳು. ಹುಡುಗರನ್ನೂ ಬಿಡಲಿಲ್ಲ. ಒಂದು ದಿನ ನನ್ನ ಹಣೆಗೂ ಬಿತ್ತು, ಹುಬ್ಬಿಗೆ ತಗಲಿ ವಕ್ರವಾಗಿ. “ನಮ್ಮತ್ತಿಗೆ ಸರಿ ಹಚ್ತೀನ್ರಿ,” ಎಂದಳು.

ಶನಿವಾರ ಮುಂಜಾನೆಯ ಶಾಲೆ. ಪಡಸಾಲೆಯೇ ವೇದಿಕೆ. ಬಿಸಿಯೂಟದ ಅಕ್ಕಿಯ ಖಾಲಿ ಚೀಲಗಳಲ್ಲಿ ಹೊಟ್ಟು ತುಂಬಿ, ಒಂದರ ಮೇಲೊಂದು ಪೇರಿಸಿ ಹಿಮದ ಗುಡ್ಡ ಮಾಡಿದ್ದರು. ಕುರ್ಚಿಗಳ ಮೇಲೆ ಪಂಚಾಯಿತಿಯ ಒಬ್ಬ ಸದಸ್ಯೆ, ಶಾಲಾ ಸಮಿತಿಯ ಅಧ್ಯಕ್ಷರ ಹೆಂಡತಿ, ಅಧ್ಯಕ್ಷರು, ಅವರ ಪಕ್ಕ ಕೊನೆಗೆ ಗಿರಣಿಯ ಅಕ್ಕ. ಅವತ್ತು ಅವರು ಇಸ್ತ್ರಿ ಮಾಡಿದ ನೀಲಿ ಸೀರೆ ಉಟ್ಟಿದ್ದರು. ಟಿಕಳಿ ಅದೇ.

ಹುಡುಗಿ ತಟ್ಟೆ ಹಿಡಿದು ಬಂದಳು. ಸದಸ್ಯೆಗೆ ಹಚ್ಚಿದಳು, ಸೇವಂತಿಗೆ ಹೂ ಕೊಟ್ಟಳು. ಅಧ್ಯಕ್ಷರ ಹೆಂಡತಿಗೆ ಹಚ್ಚಿದಳು, ಹೂ ಕೊಟ್ಟಳು. ಅತ್ತೆಯ ಮುಂದೆ ಬಂದು ನಿಂತಾಗ ಅರ್ಧ ಹಲ್ಲು ಪೂರ್ತಿ ಕಾಣುವಷ್ಟು ನಕ್ಕಳು. ಬೆರಳನ್ನು ಕುಂಕುಮದಲ್ಲಿ ಅದ್ದಿ ಎತ್ತಿದಳು. ಹಿಂದೆ ನಿಂತಿದ್ದ ನಮ್ಮ ಶಾಲೆಯ ಹಿರಿಯ ಶಿಕ್ಷಕಿ ಬಗ್ಗಿ ಅವಳ ಮಣಿಕಟ್ಟು ಹಿಡಿದರು.

“ಏ ಹುಡುಗಿ, ಅವರ್ಗಲ್ಲ. ಅವರ್ಗೆ ಬರೇ ಹೂ ಕೊಡು.” ಒಂದು ಕ್ಷಣ ಬಿಟ್ಟು, “ಹೂವೂ ಬ್ಯಾಡ. ಆಮ್ಯಾಲೆ ಹಣ್ಣು ಕೊಡೂನು.”

ಗುರುತು ಸಿಗದೆ ಹೀಗೆ ಹೇಳುತ್ತಿದ್ದಾರೆ ಎಂದು ಹುಡುಗಿಗೆ ಅನ್ನಿಸಿರಬೇಕು. ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: “ಇಕಿ ನಮ್ಮತ್ತಿರೀ!”

ನಾನು ಕೆಳಗೆ ಮಕ್ಕಳ ಸಾಲಿನ ಪಕ್ಕದಲ್ಲಿದ್ದೆ. “ಹಚ್ಚಲಿ ಬಿಡ್ರಿ ಅಕ್ಕೋರ, ಎಲ್ಲಾರ್ಗೂ ಹಚ್ಚು ಅಂತ ನಾನ ಹೇಳೀನಿ,” ಎಂದೆ, ಮೆಲ್ಲಗೆ ಅಲ್ಲ. ಹೆಡ್‌ಮಾಸ್ತರರು ನನ್ನ ಕಡೆ ನೋಡಿದರು, ಹಿರಿಯ ಶಿಕ್ಷಕಿಯ ಕಡೆ ನೋಡಿದರು, ಮೈಕನ್ನು ಬಾಯಿಗೆ ಹಿಡಿದರು.

“ಎಲ್ಲರೂ ಎದ್ದು ನಿಲ್ಲಬೇಕು. ಈಗ ನಾಡಗೀತೆ.”

ಕಾರ್ಯಕ್ರಮದ ಪಟ್ಟಿಯಲ್ಲಿ ನಾಡಗೀತೆ ಇದ್ದದ್ದು ಸ್ವಾಗತವಾದ ಮೇಲೆ. ಆದರೆ ಎಲ್ಲರೂ ಎದ್ದರು. ಅಧ್ಯಕ್ಷರು ಎದ್ದರು, ಅಕ್ಕ ಎದ್ದರು, ನಾನೂ ಕೈ ನೇರ ಮಾಡಿ ನಿಂತೆ. ವೇದಿಕೆಯ ನಟ್ಟನಡುವೆ ಎಂಟು ವರ್ಷದ ಹುಡುಗಿ ಒಂದು ಕೈಯಲ್ಲಿ ತಟ್ಟೆ ಹಿಡಿದು, ಇನ್ನೊಂದು ಕೈಯ ಕೆಂಪು ಬೆರಳು ಎತ್ತಿಕೊಂಡು, ಹಾಡು ಮುಗಿಯುವವರೆಗೆ ಅಲ್ಲಾಡದೆ ನಿಂತಿದ್ದಳು. ನಾಡಗೀತೆಯ ಹೊತ್ತಿನಲ್ಲಿ ಅಲ್ಲಾಡಬಾರದು ಎಂದು ಕಲಿಸಿದವಳು ನಾನೇ. ಹಾಡು ಮುಗಿದದ್ದೇ ತಟ್ಟೆ ಒಳಗೆ ಹೋಯಿತು. ಬೆರಳನ್ನು ಅವಳು ಹೊಸ ಫ್ರಾಕಿಗೆ ಒರೆಸಿಕೊಂಡಳು.

ಆಮೇಲೆ ಅಧ್ಯಕ್ಷರ ಭಾಷಣ. ಆ ಮನುಷ್ಯ, ಟಿಕಳಿ ಇಟ್ಟುಕೊಂಡು ಪಕ್ಕದಲ್ಲಿ ಕೂತ ಹೆಣ್ಣುಮಗಳ ಕಡೆ ಕೈ ಮಾಡಿ, ಗಂಟಲು ಹರಿಯುವ ಹಾಗೆ ಕೂಗಿದರು: “ನಮ್ಮ ನಿಮ್ಮ ಮನಿ ಹೆಣ್ಣುಮಕ್ಕಳ ಹಣಿ ಮ್ಯಾಲಿನ ಕುಂಕುಮ ಉಳೀಲಿ ಅಂತ ಈ ತಾಯಿ ತನ್ನ ಕುಂಕುಮಾನ ದೇಶಕ್ಕ ಕೊಟ್ಟಾಳ!”

ಚಪ್ಪಾಳೆಯೋ ಚಪ್ಪಾಳೆ. ದೇಶಕ್ಕೆ ಕೊಟ್ಟಳಂತೆ! ಕಾಲು ತಾಸಿನ ಕೆಳಗೆ, ಅದೇ ಪಡಸಾಲೆಯಲ್ಲಿ, ಎಲ್ಲರ ಕಣ್ಣೆದುರು, ಒಂದು ಚಿಟಿಕೆ ಕುಂಕುಮವನ್ನು ಅವರ ಹಣೆಯ ಮುಂದಿನಿಂದ ಕಸಿದುಕೊಂಡದ್ದು ಯಾವ ದೇಶ? ಯಾವ ಶತ್ರು ಬಂದಿದ್ದ? ನಾನು ಇದನ್ನು ಬರೆಯುವಾಗಲೂ ಪೆನ್ನು ಕಾಗದಕ್ಕೆ ಒತ್ತುತ್ತದೆ.

ಕೊನೆಗೆ ಶಾಲು, ಬಾಳೆಹಣ್ಣು. ಮೈಕು ಅಕ್ಕನ ಕೈಗೆ ಬಂತು. ಸೈಕಲ್ಲಿನ ಕಥೆಯನ್ನು ತಾವೇ ಮಕ್ಕಳಿಗೆ ಹೇಳುತ್ತೇನೆ ಎಂದು ಹಿಂದಿನ ದಿನ ನನಗೆ ಹೇಳಿ ಕಳಿಸಿದ್ದರು. ಅಕ್ಕ ಮಕ್ಕಳ ಸಾಲಿನಲ್ಲಿ ಕೂತ ಸೋದರಸೊಸೆಯ ಕಡೆ ನೋಡಿದರು. ಅವಳು ತಲೆ ಎತ್ತಲಿಲ್ಲ. “ನಮಸ್ಕಾರ,” ಎಂದು ಹೇಳಿ ಮೈಕನ್ನು ಮರಳಿ ಕೊಟ್ಟರು.

“ದುಃಖ ಉಮ್ಮಳಿಸಿ ಬಂದಿದೆ,” ಎಂದು ಹೆಡ್‌ಮಾಸ್ತರರು ಮೈಕಿನಲ್ಲಿ ಹೇಳಿದರು. ನಾನು ಆ ಮುಖ ನೋಡುತ್ತಿದ್ದೆ. ಅದು ದುಃಖವಲ್ಲ.

ಮಂದಿ ಹೋದ ಮೇಲೆ ಹಿರಿಯ ಶಿಕ್ಷಕಿಯನ್ನು ಕೇಳಿದೆ. ಅವರು ಕೆಟ್ಟವರಲ್ಲ, ಮಕ್ಕಳ ಹೇನು ತೆಗೆಯುವವರೂ ಅವರೇ, ಜ್ವರ ಬಂದವರನ್ನು ಮನೆಗೆ ಮುಟ್ಟಿಸುವವರೂ ಅವರೇ. ಅದೇ ಇನ್ನೂ ಸಿಟ್ಟು ತರಿಸುತ್ತದೆ.

“ನಾ ಅಕೀ ಮಾನ ಉಳಿಸೀನಿ! ಹುಡುಗಿ ಹಚ್ಚಿಬಿಟ್ಟಿದ್ರ, ಅಷ್ಟು ಮಂದ್ಯಾಗ ಅಕಿ ಒರಸ್ಕೋಬೇಕಾಗ್ತಿತ್ತು. ಅದು ಚಲೋನು?”

“ಒರಸ್ಕೋರಿ ಅಂತ ಯಾರ್ ಹೇಳ್ತಿದ್ರು ಅಕ್ಕೋರ?”

“ಯಾರೂ ಹೇಳಬೇಕಾಗಿಲ್ಲವ್ವಾ. ನಮ್ಮವ್ವ ನನ್ನ ಮಗಳ ಮದಿವ್ಯಾಗ ತಾನ ಹೋಗಿ ಹಿಂದ ಕುಂತ್ಲು. ನಾ ಮುಂದ ಬಾ ಅಂತ ಕರದೆನೇನು? ಹಿರ್ಯಾರಿಗೆ ತಿಳೀತೈತಿ. ನೀ ಇನ್ನೂ ಸಣ್ಣಾಕಿ ಅದಿ.”

ಹೆತ್ತ ತಾಯಿಯನ್ನು ಹಿಂದೆ ಕೂರಲು ಬಿಟ್ಟದ್ದನ್ನು ಅವರು ಹೆಮ್ಮೆಯಿಂದ ಹೇಳಿದರು.

ನಡುವೆ ಪಂಚಮಿ ಬಂತು. ರೊಟ್ಟಿ, ಉಂಡಿ, ಜೋಕಾಲಿಯಲ್ಲಿ ಶಾಲೆ ಅರ್ಧ ಖಾಲಿ. ಗುರುವಾರ, ಜುಲೈ 31ರಂದು ಮಕ್ಕಳೆಲ್ಲ ಬಂದರು. ಊಟದ ಬಿಡುವಿನಲ್ಲಿ ಬೇವಿನ ಗಿಡದ ಕೆಳಗೆ ಆಟ ನಡೆದಿತ್ತು. ಹಳ್ಳಕ್ಕೆ ಬೀಳುವ ಆಟ ಅಲ್ಲ. ಒಬ್ಬ ಸುಣ್ಣದಕಡ್ಡಿಯ ಡಬ್ಬಿಯನ್ನು ಮೈಕು ಮಾಡಿಕೊಂಡು ಹೆಡ್‌ಮಾಸ್ತರನಾಗಿದ್ದ. ಇಬ್ಬರು ಹುಡುಗಿಯರು ಇಟ್ಟಂಗಿಯ ಮೇಲೆ ಕೂತು ಅತಿಥಿಗಳಾಗಿದ್ದರು. ಒಬ್ಬಳು ಊಟದ ತಟ್ಟೆಯಲ್ಲಿ ಕೆಂಪು ಮಣ್ಣು ಹಿಡಿದು ಹೊರಟಿದ್ದಳು.

“ನೀನ ಅತ್ತಿ ಆಗು. ನೀ ಅವರ ಮನ್ಯಾಕಿ,” ಎಂದು ಅರ್ಧ ಹಲ್ಲಿನವಳನ್ನು ಮೂರನೆಯ ಇಟ್ಟಂಗಿಯ ಮೇಲೆ ಕೂರಿಸಿದ್ದರು. ಅವಳು ಕೂತಿದ್ದಳು. ತಟ್ಟೆ ಇಬ್ಬರ ಹಣೆ ಮುಟ್ಟಿ ಅವಳ ಮುಂದೆ ಬಂತು. “ಏ! ಅಕೀಗಲ್ಲ!” ಎಂದು ನಾಲ್ಕು ಮಕ್ಕಳು ಒಟ್ಟಿಗೆ ಕೂಗಿದರು, ಆ ಮಾತು ಯಾರು ಆಡಬೇಕು ಎಂಬುದಕ್ಕೇ ಅವರೊಳಗೆ ಪೈಪೋಟಿ. ಡಬ್ಬಿ ಹಿಡಿದವನು “ಎದ್ದು ನಿಲ್ಲಬೇಕು!” ಎಂದ. ಎದ್ದು ನಿಂತರು. ಒಂದು ತಪ್ಪಿಲ್ಲ, ಒಂದು ಮರೆವಿಲ್ಲ. ಮಗ್ಗಿ ಕಲಿಸಲು ನನಗೆ ತಿಂಗಳು ಹಿಡಿಯುತ್ತದೆ. ಇದು ಹತ್ತು ನಿಮಿಷದಲ್ಲಿ ಬಾಯಿಪಾಠವಾಗಿತ್ತು.

“ಈಗ ಅಳಬೇಕಲೇ ನೀ. ಅತ್ತಿ ಅಳಬೇಕು!” ಎಂದು ತಟ್ಟೆ ಹಿಡಿದವಳು ಅವಳ ಗಲ್ಲ ಎತ್ತಿದಳು. ನಾನು ಅಲ್ಲಿಗೆ ಓಡುವುದರೊಳಗೆ ಅರ್ಧ ಹಲ್ಲಿನವಳು ಆ ಕೈಯನ್ನು ಕಚ್ಚಿದ್ದಳು. ರಕ್ತ ಬಂದಿತ್ತು.

ಕಚ್ಚಿಸಿಕೊಂಡವಳ ತಾಯಿ ಸಂಜೆ ಬಂದು ಜಗಳ ಮಾಡಿದರು. ಹೆಡ್‌ಮಾಸ್ತರರು ಕಚ್ಚಿದವಳನ್ನು ನಿಲ್ಲಿಸಿ, “ಯಾಕ ಕಚ್ಚಿದಿ? ನಾಯಿ ಏನ್ ನೀ?” ಎಂದು ಗದರಿದರು. ಯಾಕೆಂದು ನಾನು ಹೇಳಿದೆ, ಎಲ್ಲರ ಮುಂದೆ ಹೇಳಿದೆ. ತಾಯಿ ಮಗಳ ಕೈ ಹಿಡಿದುಕೊಂಡು ಹೊರಟರು. ಹೆಡ್‌ಮಾಸ್ತರರು, “ಹುಡುಗೂರ ಆಟ ಬಿಡ್ರಿ,” ಎಂದರು.

ಮರುದಿನ, ಆಗಸ್ಟ್ 1, ಕೋಣೆಯಲ್ಲಿ ಮಕ್ಕಳನ್ನು ದುಂಡಗೆ ಕೂರಿಸಿ ಒಬ್ಬೊಬ್ಬರನ್ನೇ ಕೇಳಿದೆ: ಜುಲೈ ಇಪ್ಪತ್ತಾರರಂದು ನಾವು ಏನು ಕಲಿತೆವು? ಅರ್ಧ ಹಲ್ಲಿನವಳು ಬಂದಿರಲಿಲ್ಲ. ಹತ್ತೊಂಬತ್ತು ಮಕ್ಕಳಿದ್ದರು. ಗುಡ್ಡ, ಹಿಮ ಎಂದವರು ನಾಲ್ವರು. ಹಳ್ಳಕ್ಕೆ ಬಿದ್ದದ್ದನ್ನು ನೆನೆದವರು ಇಬ್ಬರು. ಒಬ್ಬನಿಗೆ ಕೊನೆಗೆ ಹಂಚಿದ ಲಾಡು ಮಾತ್ರ ನೆನಪಿತ್ತು. ಒಬ್ಬಳು ಏನೂ ಹೇಳಲಿಲ್ಲ. ಉಳಿದ ಹನ್ನೊಂದು ಮಕ್ಕಳು ತಮ್ಮ ತಮ್ಮ ಮಾತಿನಲ್ಲಿ ಒಂದನ್ನೇ ಹೇಳಿದರು: ಗಂಡ ಯುದ್ಧದಾಗ ಸತ್ರ ಅಕೀಗೆ ಕುಂಕುಮ ಹಚ್ಚಬಾರದು. ಅವರಲ್ಲೇ ಒಬ್ಬ ಹುಡುಗ, ಗೆದ್ದವರು ಯಾಕೆ ಸತ್ತರು ಎಂದು ಕೇಳಿದ್ದವನು, ಸ್ವಲ್ಪ ಯೋಚಿಸಿ ಕೇಳಿದ: “ನಾವು ಗೆದ್ದೇವಿ ಅಂದ್ರೆಲ್ರಿ. ಸೋತಿದ್ರ ಇನ್ನೇನ್ ಮಾಡ್ತಿದ್ರು ಅಕೀಗೆ?”

ಮಕ್ಕಳ ಉತ್ತರ ಬರೆದುಕೊಂಡಿದ್ದ ಹಾಳೆ ತೆಗೆದುಕೊಂಡು ಹೆಡ್‌ಮಾಸ್ತರರ ಹತ್ತಿರ ಹೋದೆ. ಓದಿದರು. ಕನ್ನಡಕ ತೆಗೆದರು.

“ಇದನ್ನ ಎಲ್ಲೂ ಕಳಸಬ್ಯಾಡ್ರಿ ಮತ್ತ.”

“ಆಗಸ್ಟ್ ಹದಿನೈದಕ್ಕ ಏನ್ ಮಾಡೂದ್ರಿ ಸರ್?”

“ಅದನ್ನ ನಾನೂ ವಿಚಾರ ಮಾಡೀನ್ರಿ. ಈ ಸಲ ಅವರ್ನ ಕರಿಯೂದ ಬ್ಯಾಡ. ಹುಡುಗೀಗೂ ತ್ರಾಸಿಲ್ಲ, ಅವರ್ಗೂ ತ್ರಾಸಿಲ್ಲ, ತಕರಾರ ಇಲ್ಲ.”

“ಕುಂಕುಮದ ತಟ್ಟಿ ತಗೀರಿ ಸರ್. ಅವರ್ನ ಯಾಕ ತಗೀತೀರಿ?”

“ಕುಂಕುಮ ಇಲ್ಲದ ಕಾರ್ಯಕ್ರಮ ಹೆಂಗ ಆಗತೈತ್ರಿ? ಅಧ್ಯಕ್ಷರ ಮನಿಯವ್ರು ಏನಂದಾರು?” ಎಂದರು. ನಾನು ಹೋಗದೆ ನಿಂತಿದ್ದು ನೋಡಿ, ದನಿ ತಗ್ಗಿಸಿ, “ನೀವು ಅತಿಥಿ ಅದೀರಿ. ಅತಿಥಿ ಇದ್ದಂಗ ಇರ್ರಿ,” ಎಂದರು.

ನೋಡಿ, ಇದು ನಮ್ಮ ಬುದ್ಧಿ. ಒಂದು ತಟ್ಟೆಯನ್ನು ಪಕ್ಕಕ್ಕಿಡಲು ಆಗುವುದಿಲ್ಲ. ಒಬ್ಬ ಹೆಣ್ಣುಮಗಳನ್ನು ಪಕ್ಕಕ್ಕಿಡಬಹುದು. ಆಗಸ್ಟ್ ಹದಿನೈದರಂದು ವೇದಿಕೆಯ ಮೇಲೆ ಒಂದು ಕುರ್ಚಿ ಕಡಿಮೆ ಇತ್ತು. ಧ್ವಜ ಏರಿತು, ಕುಂಕುಮ ಹಚ್ಚಿದರು, ಸೈನಿಕರಿಗೆ ಜೈ ಎಂದರು. ಯಾರೂ ಏನೂ ಕೇಳಲಿಲ್ಲ. ಕವಾಯತಿನಲ್ಲಿ ಮುಂದಿನ ಸಾಲಿನಲ್ಲಿ ನಿಲ್ಲಬೇಕಿದ್ದ ಅರ್ಧ ಹಲ್ಲಿನ ಹುಡುಗಿ ಹೊಟ್ಟೆನೋವು ಎಂದು ಬರಲಿಲ್ಲ.

ಮುಂದಿನ ಬುಧವಾರ ಸಂಜೆ ಗಿರಣಿಗೆ ಹೋದೆ. ಅಕ್ಕ ಯಂತ್ರ ನಿಲ್ಲಿಸಿದರು. ಕುಂಡ್ರಿ ಎನ್ನಲಿಲ್ಲ.

“ಸಣ್ಣಾಕಿ ಕೈಯಾಗ ತಟ್ಟಿ ಕೊಡು ಅಂತ ನಿಮಗ ಯಾರ್ ಹೇಳಿದ್ರು?”

ಉತ್ತರಕ್ಕೆ ಕಾಯಲಿಲ್ಲ.

“ಏಳನೇತ್ತೆ ಹುಡುಗ್ಯಾರು ಇಷ್ಟು ವರ್ಷ ಸುಮ್ಮನ ದಾಟಿ ಹೋಗ್ತಿದ್ರು. ನಾ ಗೋಡಿ ಕಡೆ ನೋಡ್ತಿದ್ದೆ. ಯಾರ್ಗೂ ಗೊತ್ತಾಗ್ತಿರಲಿಲ್ಲ.”

“ಗೊತ್ತಾಗಬೇಕಿತ್ತಲ್ಲಕ್ಕಾ. ಇಷ್ಟು ವರ್ಷ ಹಂಗ ಮಾಡ್ಯಾರ.”

“ಆತು, ಗೊತ್ತಾತು. ಯಾರಿಗೆ ಗೊತ್ತಾತು? ಅಧ್ಯಕ್ಷಗ ಗೊತ್ತಾತೇನು? ನಿಮ್ಮ ಹೆಡ್‌ಮಾಸ್ತರಗ ಗೊತ್ತಾತೇನು? ಎಂಟು ವರ್ಷದ ಕೂಸಿಗೆ ಗೊತ್ತಾತು.” ಜೋಳದ ಬುಟ್ಟಿಯನ್ನು ಕಾಲಿನಿಂದ ಸರಿಸಿದರು. “ಮೊನ್ನೆ ನನ್ನ ಮುಂದ ಕನ್ನಡಿ ತಂದು ಹಿಡದು ಕೇಳ್ಯಾಳ. ಅತ್ತಿ, ನೀ ಈ ಟಿಕಳಿ ಹಚ್ಕೋಬಹುದೇನು ಅಂತ. ಇಪ್ಪತ್ತಾರು ವರ್ಷಾತ್ರಿ. ನಮ್ಮವ್ವನೂ ನನಗ ಅದನ್ನ ಕೇಳಿರಲಿಲ್ಲ.”

ಟಿಕಳಿ ಹಣೆಯ ಮೇಲೆ ಇತ್ತು. ನಾನು ಅದನ್ನು ನೋಡಿದ್ದನ್ನು ಅವರು ನೋಡಿದರು. “ತಗದಿಲ್ಲ,” ಎಂದರು. “ತಗೀಲಿ ಅಂತ ಅಕಿ ಕಾಯಾಕತ್ಯಾಳ. ನನಗ ತಿಳೀತೈತಿ.”

ಬರುವ ಜುಲೈಗೆ ಬರುತ್ತೀರಾ ಎಂದು ಕೇಳಿದೆ. ಮುಂದಿನ ಜುಲೈ ಇಪ್ಪತ್ತಾರು ಭಾನುವಾರ. ಆದರೂ ಶಾಲೆಯಲ್ಲಿ ಏನಾದರೂ ಮಾಡೇ ಮಾಡುತ್ತಾರೆ.

“ಅಕಿ ಕರದ್ರ ಬರ್ತೀನಿ. ನೀವಲ್ಲ, ಹೆಡ್‌ಮಾಸ್ತರಲ್ಲ. ಅಕಿ ಬಂದು, ಅತ್ತಿ ಬಾ ಅಂತ ಕೈ ಹಿಡೀಬೇಕು. ಹಿಡದ್ರ, ಕುರ್ಚಿ ಇಲ್ಲದಿದ್ರ ಹುಡುಗೂರ ಕೂಡ ನೆಲದ ಮ್ಯಾಲೆ ಕುಂಡ್ರತೀನಿ. ಹಿಡೀಲಿಲ್ಲಂದ್ರ ನನಗ ಆ ಶಾಲಿ ಕೆಲಸ ಇಲ್ಲ.”

ಅತ್ತೆಯನ್ನು ಕರೆಯುತ್ತೀಯಾ ಎಂದು ಹುಡುಗಿಯನ್ನು ಒಂದೇ ಸಲ ಕೇಳಿದ್ದೇನೆ, ಸೆಪ್ಟೆಂಬರಿನಲ್ಲಿ, ಬೇರೆ ಯಾರೂ ಇಲ್ಲದಾಗ. “ಬ್ಯಾಡ್ರಿ,” ಎಂದಳು. “ಮತ್ತ ಎಲ್ಲಾರೂ ನೋಡ್ತಾರ.” ಈಗ ಅವಳು ಓಣಿಯಲ್ಲಿ ಅತ್ತೆಯ ಮಾತು ಎತ್ತುವುದಿಲ್ಲ. ಗಿರಣಿಗೆ ಕಾಳು ಹಾಕಿ ಬಾ ಎಂದರೆ ತಮ್ಮನನ್ನು ಕಳಿಸುತ್ತಾಳಂತೆ.

ಗದಗ, ಲಕ್ಷ್ಮೇಶ್ವರ, ಮುಂಡರಗಿ ಕಡೆಯ ಶಾಲೆಗಳಲ್ಲಿರುವ ನನ್ನ ಗೆಳತಿಯರನ್ನು ವಿಚಾರಿಸಿದೆ. ಆರು ಜನ. ಮೂವರ ಶಾಲೆಯಲ್ಲಿ ಸೈನಿಕರ ಮನೆಯವರನ್ನು ಕರೆಯುವ ರೂಢಿಯೇ ಇಲ್ಲ. ಇಬ್ಬರ ಶಾಲೆಯಲ್ಲಿ ಕರೆಯುತ್ತಾರೆ, ತಟ್ಟೆ ದಾಟಿ ಹೋಗುತ್ತದೆ. “ಅದರಾಗೇನೈತಿ?” ಎಂದು ಅವರಲ್ಲೊಬ್ಬಳು ನನ್ನನ್ನೇ ಕೇಳಿದಳು. ಆರನೆಯವಳ ಶಾಲೆಯಲ್ಲಿ ಕುಂಕುಮ ಬಿಟ್ಟು ಎಲ್ಲರಿಗೂ, ಗಂಡಸರಿಗೂ ಹೆಂಗಸರಿಗೂ, ಒಂದೊಂದು ಸಸಿ ಕೊಡುತ್ತಾರಂತೆ. ಆದರೆ ಅದು ಈ ಕಾರಣಕ್ಕೆ ಬಂದದ್ದಲ್ಲ. ಯಾರೋ ಸಸಿಗಳನ್ನು ಪುಕ್ಕಟೆ ಕೊಟ್ಟಿದ್ದರಿಂದ.

ಹಾಗಾಗಿ ಓದುವವರಲ್ಲಿ ಕೇಳುತ್ತೇನೆ. ನಿಮ್ಮ ಊರಿನ ಶಾಲೆಯಲ್ಲಿ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರನ್ನು ಮಕ್ಕಳ ಮುಂದೆ ಹೇಗೆ ಕೂರಿಸಿದರು? ಯಾರಾದರೂ ಹೆಡ್‌ಮಾಸ್ತರರು, ಯಾರಾದರೂ ಅಕ್ಕೋರು ಇದನ್ನು ಗಟ್ಟಿಯಾಗಿ ನಿಂತು ಬದಲಿಸಿದ್ದಾರೆಯೇ? ಬದಲಿಸಿದ್ದರೆ ಊರು ಏನು ಅಂದಿತು, ಎಷ್ಟು ದಿನ ಅಂದಿತು? ದೊಡ್ಡವರ ಬಾಯಿ ಮುಚ್ಚಿಸುವುದು ಹೇಗೆಂದು ನಾನು ಹೇಗೋ ಕಲಿತೇನು. ನನಗೆ ತಿಳಿಯದಿರುವುದು ಬೇರೆ: ಹತ್ತು ನಿಮಿಷದಲ್ಲಿ ಕಲಿತದ್ದನ್ನು ಎಂಟು ವರ್ಷದ ಮಗುವಿನ ಮನಸ್ಸಿನಿಂದ ತೆಗೆಯುವುದು ಹೇಗೆ, ತನ್ನ ಅತ್ತೆಯ ಕೈ ಹಿಡಿದು ಬಾ ಎನ್ನಲು ಅವಳಿಗೆ ಮತ್ತೆ ಧೈರ್ಯ ಬರುವ ಹಾಗೆ ಏನು ಹೇಳಬೇಕು. ಇಂಥ ಮಗುವನ್ನು ಕಂಡವರು, ಅಥವಾ ಒಂದು ಕಾಲಕ್ಕೆ ಇಂಥ ಮಗುವಾಗಿದ್ದವರು, ಪ್ರಕಾಶಕರ ಮೂಲಕ ನನಗೆ ಬರೆಯಿರಿ. ಹೆಸರು ಬೇಡ, ಊರು ಬೇಡ. ಜುಲೈಗೆ ಮೊದಲು ಬಂದರೆ ಸಾಕು.